ಮಾವನ ಹಾಟ್‌ಸ್ಪಾಟ್

ವಿಮಾನ ನಿಲ್ದಾಣದ ಬಾಗಿಲಲ್ಲೇ ಸಿಮ್ ಮಾರುವ ಅಂಗಡಿಗಳಿದ್ದವು. ತಂಗಿ ಒಂದರ ಮುಂದೆ ನಿಂತದ್ದು ನೋಡಿ ಮಾವ ನಕ್ಕ.

"ಅಲ್ಲಿ ಯಾಕಮ್ಮ ದುಡ್ಡು ಸುರೀತೀರಿ? ಅವರಿಗೆ ಪಾಸ್‌ಪೋರ್ಟ್ ಬೇರೆ ಕೊಡಬೇಕು. ಅದು ನನ್ನ ಹತ್ರ ಭದ್ರವಾಗಿದೆ. ಸದ್ಯಕ್ಕೆ ನನ್ನ ಹಾಟ್‌ಸ್ಪಾಟ್ ಹಾಕ್ಕೊಳ್ಳಿ."

ಅವನು ಯಾರಿಗೂ ಮಾವನಲ್ಲ. ಹೊಲಿಗೆ ಬಲ್ಲ ಹೆಂಗಸರನ್ನು ಹೊರದೇಶದ ಕಾರ್ಖಾನೆಗೆ ಕರೆತರುವ ಏಜೆಂಟು. ವಯಸ್ಸಿಗೆ ಬಂದ ಹುಡುಗಿಯಿಂದ ಮುದುಕಿಯವರೆಗೆ ಎಲ್ಲರಿಗೂ "ನೀವು, ತಾವು" ಅನ್ನುತ್ತಿದ್ದ. ಊರಿನ ಸಿಮ್ಮಿಗೇ ರೋಮಿಂಗ್ ಹಾಕಿಸೋಣ ಎಂದು ಅಕ್ಕ ಹಟ ಹಿಡಿದಾಗ ಬೇಡವೆಂದವನೂ ಅವನೇ.

ವ್ಯಾನಿನಲ್ಲಿ ನೆಟ್ ಬಂತು. ತಂಗಿ ಬರೆದಳು: "ಲೇ ಗೂಬೆ, ಇಳಿದೆ."

ಅಕ್ಕ ಕಾದು ಕೂತಿದ್ದಳೇನೋ, ಉತ್ತರ ತಕ್ಷಣ ಬಂತು. "ಬದುಕಿದ್ದೀಯಾ? ಲೊಕೇಶನ್ ಕಳಿಸೇ ಕತ್ತೆ."

ಅಕ್ಕ ಎರಡು ವರ್ಷಕ್ಕೆ ದೊಡ್ಡವಳು. ಊರಲ್ಲಿ ಇಬ್ಬರದೂ ಒಂದೇ ಟೈಲರಿಂಗ್ ಅಂಗಡಿ. ಕಟಿಂಗ್ ಅಕ್ಕನದು, ಹೊಲಿಗೆ ತಂಗಿಯದು. ಒಬ್ಬರಿಗೊಬ್ಬರು ಬೈಯದೆ ಒಂದು ರವಿಕೆಯೂ ಮುಗಿದದ್ದಿಲ್ಲ.

"ಅಕ್ಕನಿಗೆ ಮೆಸೇಜಾ?" ಮಾವ ಮುಂದಿನ ಸೀಟಿನಿಂದ ತಿರುಗಿದ. "ಅವರೂ ಹೊಲೀತಾರಾ?"

"ಅವಳದು ಕಟಿಂಗ್. ಬಟ್ಟೆ ನೋಡಿದರೆ ಸಾಕು, ಅಳತೆಯೇ ಬೇಡ," ತಂಗಿ ಕೊಚ್ಚಿಕೊಂಡಳು.

"ಹೌದಾ?" ಎಂದ ಮಾವ. "ನಮ್ಮಲ್ಲಿ ಕಟಿಂಗಿಗೇ ಜನ ಇಲ್ಲ."

ಅವಳು ಲೊಕೇಶನ್ ಒತ್ತುವಷ್ಟರಲ್ಲಿ ನೆಟ್ ಹೋಯಿತು. ಮಾವನ ಬ್ಯಾಟರಿ ಮುಗಿದಿತ್ತಂತೆ.

ಕಾರ್ಖಾನೆ ಎಂದರೆ ಗೋಡೆಗೆ ತಾಗಿಸಿ ಜೋಡಿಸಿದ ಮಷಿನ್ನುಗಳ ಒಂದು ಉದ್ದನೆಯ ಶೆಡ್ಡು, ಅದರ ಮೇಲೆ ಮಲಗುವ ಕೋಣೆ. ಕಿಟಕಿ ಗಾಜಿಗೆ ಬಿಳಿ ಬಣ್ಣ ಬಳಿದಿದ್ದರು. ಇಲ್ಲಿಯ ಸಿಮ್ ಹಾಕಿಸಿಕೊಡುತ್ತೇನೆ ಎಂದು ಮಾವ ಫೋನ್ ಇಸಿದುಕೊಂಡ. ಲಾಕ್ ತೆಗೆಸಿಕೊಂಡ. ಸಂಜೆ ಒರೆಸಿ ವಾಪಸ್ ಕೊಟ್ಟ. ಹೊಸ ಸಿಮ್ ಒಳಗಿತ್ತು, ನೆಟ್ ಇರಲಿಲ್ಲ.

"ನಾಳೆ ಶುರುವಾಗುತ್ತೆ ಅಮ್ಮ."

ಪಕ್ಕದ ಮಂಚದ ಕನ್ನಡಕದವಳು ಗೋಡೆ ಕಡೆ ತಿರುಗಿ ಮಲಗಿದ್ದಳು. "ನಂಗೂ ನಾಳೆ ಅಂದಿದಾರೆ," ಅಂದಳು.

"ಯಾವಾಗ ಅಂದಿದ್ದು?"

"ಕೆಳಗಿರೋ ನನ್ನ ಚಪ್ಪಲಿ ಹೊಸದಿತ್ತು, ಆಗ."

ತಂಗಿ ಮಂಚದ ಕೆಳಗೆ ನೋಡಿದಳು. ಚಪ್ಪಲಿಯ ಹಿಮ್ಮಡಿ ಸವೆದು ತೂತು ಬಿದ್ದಿತ್ತು.

ಒಂದು ದಿನ ಮಾವ ಶೆಡ್ಡಿಗೆ ಬಂದು, "ಮನೆಯವರಿಗೆ ಕಳಿಸೋಣ, ಸ್ವಲ್ಪ ನಗಿ," ಎಂದು ಮಷಿನ್ನಿನ ಮುಂದೆ ಅವಳ ಫೋಟೋ ತೆಗೆದ. ಅವಳು ನಕ್ಕಳು. ಅಕ್ಕನಿಗೆ ಸುದ್ದಿಯಾದರೂ ಮುಟ್ಟುತ್ತದಲ್ಲ ಅಂದುಕೊಂಡಳು.

ತಿಂಗಳುಗಳು ಹೋದವು. ನೆಟ್ ಬರಲಿಲ್ಲ. ಗೇಟಿನಾಚೆ ಒಬ್ಬಳನ್ನೂ ಬಿಡುತ್ತಿರಲಿಲ್ಲ.

ಬಟ್ಟೆಯ ಬಂಡಲ್ ತುಂಬಿಕೊಳ್ಳಲು ಲಾರಿ ಬರುತ್ತಿತ್ತು. ಡ್ರೈವರಿಗೆ ಇವಳ ಭಾಷೆ ಬಾರದು, ಇವಳಿಗೆ ಅವನದು. ಒಂದು ಮಧ್ಯಾಹ್ನ ಬಂಡಲ್ ತಂದಿಡುವ ನೆಪದಲ್ಲಿ ಅಂಗಳಕ್ಕೆ ಬಂದು ಫೋನ್ ಮುಂದೆ ಹಿಡಿದು ಕೈ ಮುಗಿದಳು. ಅವನು ಅತ್ತಿತ್ತ ನೋಡಿದ. ತನ್ನ ಫೋನ್ ತೆಗೆದು ಹಾಟ್‌ಸ್ಪಾಟ್ ಹಾಕಿ, ಅವಳ ಫೋನಿನಲ್ಲಿ ಪಾಸ್‌ವರ್ಡನ್ನು ತಾನೇ ಒತ್ತಿದ.

ಮೆಸೇಜುಗಳು ದಬದಬ ಬಿದ್ದವು. ಎಲ್ಲ ಅಕ್ಕನವೇ ಎಂದು ತೆರೆದಳು. ಅರ್ಧ ತನ್ನ ಹೆಸರಿನಲ್ಲೇ ಇದ್ದವು. ತಾನು ಬರೆಯದ ಮೆಸೇಜುಗಳು.

"ಅಕ್ಕ, ನಾನು ಚೆನ್ನಾಗಿದ್ದೇನೆ. ನೀವು ಚಿಂತೆ ಮಾಡಬೇಡಿ."

"ಇಲ್ಲಿ ಫೋನಿನಲ್ಲಿ ಮಾತಾಡುವ ಹಾಗಿಲ್ಲ ಅಕ್ಕ. ಮೆಸೇಜ್ ಮಾಡಿ."

ಕೆಳಗೆ ಅವಳ ನಗುವ ಫೋಟೋ.

ಮಾವ ಫೋನ್ ಇಟ್ಟುಕೊಂಡ ದಿನ ಅವಳ ವಾಟ್ಸಾಪನ್ನು ತನ್ನ ಫೋನಿಗೂ ಜೋಡಿಸಿಕೊಂಡಿದ್ದ. ಇವಳಿಗೆ ನೆಟ್ ಇಲ್ಲದಿದ್ದರೂ ಅವನಲ್ಲಿ ಅದು ನಡೆಯುತ್ತಲೇ ಇತ್ತು. ಆದರೆ ಅಕ್ಕನಿಗೆ ತಂಗಿ ನೀವು ಅನ್ನುವುದಿಲ್ಲ ಎಂದು ಅವನಿಗೆ ಗೊತ್ತಿರಲಿಲ್ಲ. ಅಕ್ಕನಿಗೆ ಗೊತ್ತಿತ್ತು. ತಂಗಿ ಅಕ್ಕನ ಉತ್ತರ ಹುಡುಕಿದಳು.

"ಏನೇ ಇದು, ನೀವು ಅಂತೀಯ! ಫಾರಿನ್ ನೀರು ಕುಡಿದಿದ್ದೇ ಮರ್ಯಾದೆ ಬಂತಾ? ಹೀಗೇ ಇರು, ಚೆನ್ನಾಗಿದೆ."

ಮುಂದಿನದು: "ಅಮ್ಮನಿಗೆ ಓದಿ ಹೇಳಿದೆ. ಕೊನೆಗೂ ಬುದ್ಧಿ ಬಂತಲ್ಲ ಅಂತ ಕಣ್ಣೀರು ಹಾಕ್ಕೊಂಡ್ಲು."

"ಕಟಿಂಗಿಗೆ ಒಳ್ಳೆಯ ಸಂಬಳ ಕೊಡುತ್ತಾರೆ ಅಕ್ಕ. ನೀವೂ ಬನ್ನಿ."

"ಅಂಗಡಿ ಮುಚ್ಚಿ ಬರೋದಾ? ಯೋಚನೆ ಮಾಡ್ತೀನಿ."

"ವೀಸಾ ಬಂತು ಕಣೇ!"

ಕೊನೆಯದು ಬಂದು ಹೆಚ್ಚು ಹೊತ್ತಾಗಿರಲಿಲ್ಲ. "ವಿಮಾನ ಹತ್ತಿದೆ. ಫೋನ್ ಆಫ್ ಮಾಡು ಅಂತಿದಾರೆ. ನೋಡು, ಬಂದು ನಿನ್ನ ಕಿವಿ ಹಿಂಡ್ತೀನಿ."

ತಂಗಿ ಬರೆದಳು: "ಲೇ, ಇಳಿದಮೇಲೆ ಹೊರಗೆ ಬರಬೇಡ. ಪೊಲೀಸರ ಹತ್ರ ಹೋಗು. ಆ ಮೆಸೇಜೆಲ್ಲ ನನ್ನದಲ್ಲ." ಕಳಿಸಿದಳು. ಒಂದೇ ಟಿಕ್. ಅಕ್ಕ ಆಕಾಶದಲ್ಲಿದ್ದಳು. ಇಳಿದು ಫೋನ್ ಆನ್ ಮಾಡಿದರೆ, ಎಲ್ಲಾದರೂ ನೆಟ್ ಸಿಕ್ಕರೆ, ಓದುತ್ತಾಳೆ.

ನೋಡುತ್ತಿದ್ದ ಹಾಗೇ ಮೆಸೇಜು ಮಾಯವಾಯಿತು. ಆ ಜಾಗದಲ್ಲಿ ಬೂದು ಅಕ್ಷರ: ನೀವು ಈ ಸಂದೇಶವನ್ನು ಅಳಿಸಿದ್ದೀರಿ.

ಅವಳು ಅಳಿಸಿರಲಿಲ್ಲ.

ಮತ್ತೆ ಬರೆದಳು, ಬರೀ "ಬರಬೇಡ" ಎಂದು. ಅದೂ ಹೋಯಿತು. ಕೆಳಗೆ, ಅವಳ ಹೆಸರಿನಲ್ಲೇ ಇನ್ನೊಂದು ಮೂಡಿತು: "ನೀವು ಇಳಿದು ಬಾಗಿಲ ಹತ್ತಿರ ನಿಲ್ಲಿ ಅಕ್ಕ."

ಡ್ರೈವರ್ ಆಫೀಸಿನ ಕಡೆ ನೋಡಿ ಗಾಬರಿಯಿಂದ ತನ್ನ ಫೋನ್ ಜೇಬಿಗಿಳಿಸಿ ಲಾರಿ ಹತ್ತಿದ. ನೆಟ್ ಹೋಯಿತು.

ಮಾವ ಮೆಟ್ಟಿಲಿಳಿದು ಬಂದ. ಕೈಯಲ್ಲಿ ಫೋನಿತ್ತು, ಮುಖದಲ್ಲಿ ಸಿಟ್ಟಿರಲಿಲ್ಲ.

"ಬಿಸಿಲಲ್ಲಿ ಯಾಕೆ ನಿಂತಿದೀರಿ ಅಮ್ಮ? ಒಳಗೆ ಹೋಗಿ. ಫೋನ್ ಇಲ್ಲಿ ಕೊಡಿ."

ಅವಳು ಕೊಡಲಿಲ್ಲ. ಗೇಟಿನವನು ಬಂದು ಬೆರಳು ಬಿಡಿಸಿ ಕಿತ್ತುಕೊಂಡ. ಮಾವ ಅದನ್ನು ಜೇಬಿಗೆ ಹಾಕಿಕೊಂಡು ವ್ಯಾನಿನ ಬಾಗಿಲು ತೆರೆದ. ಕರ್ಚೀಫ್ ತೆಗೆದು ಹಿಂದಿನ ಸೀಟಿನ ದೂಳನ್ನು ನಿಧಾನವಾಗಿ, ಮೂಲೆ ಮೂಲೆಯೂ ಬಿಡದೆ ಒರೆಸತೊಡಗಿದ.