ಹಿತಕಿದ ಬೇಳೆ ಸಾರು

“ನಿಂಗೇನು ತಿನ್ನಕ್ಕೆ ಆಸೆ ಪುಟ್ಟಿ? ಹೇಳು, ನಾನು ತಂದ್ಕೊಡ್ತೀನಿ.”

ಹಂಸ ಹೀಗೆ ಕೇಳಿದಾಗ ಮಲ್ಲಿಗಮ್ಮ ಮಗಳ ಬಾಯಿಗೆ ಗಂಜಿ ಹಿಡಿದಿದ್ದಳು. ಚಮಚ ಅಲ್ಲೇ ನಿಂತಿತು. ಗಂಜಿ ಭಾನುಪ್ರಿಯಾಳ ಗಲ್ಲದ ಮೇಲೆ ಇಳಿಯಿತು.

“ಇತಕಿದ್ ಬ್ಯಾಳೆ ಸಾರು,” ಎಂದಿತು ಮಗು, ಗಲ್ಲ ಒರೆಸಿಕೊಳ್ಳದೆಯೇ.

ಮಲ್ಲಿಗಮ್ಮನಿಗೆ ಹೋದ ಜೀವ ಬಂದಂತಾಯಿತು. ಇದಿನ್ನೂ ವೈಶಾಖ. ಅವರೆಕಾಯಿ ಬಿಡಬೇಕಾದರೆ ಮಾರ್ಗಶಿರ ಬರಬೇಕು. ಹಂಸ ಕೇಳುವುದು ಕೇಳಿದಳು, ಎಲ್ಲಿಂದ ತಂದಾಳು?

ಹಾಸನದ ಆ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಬಂದ ಮಕ್ಕಳಿಗೆಂದೇ ಒಂದು ಉದ್ದನೆಯ ವಾರ್ಡಿತ್ತು. ಹೋದ ವಾರ ಗಿರಿಧರ ಡಾಕ್ಟರು ಬಿಳಿ ಕೋಟಿನ ಹುಡುಗ ಹುಡುಗಿಯರ ಹಿಂಡನ್ನೇ ಅಲ್ಲಿಗೆ ಕರೆತಂದಿದ್ದರು. ಇವರೆಲ್ಲ ಡಾಕ್ಟರಿಕೆ ಓದುತ್ತಿರುವವರು, ಇನ್ನು ಮೇಲೆ ಒಂದೊಂದು ಮಗುವಿಗೆ ಒಬ್ಬೊಬ್ಬರು ಜೊತೆಗಾರರು, ಸೂಜಿ ಹಾಕುವುದಿಲ್ಲ, ರಕ್ತ ತೆಗೆಯುವುದಿಲ್ಲ, ಸುಮ್ಮನೆ ಬಂದು ಮಕ್ಕಳ ಜೊತೆ ಆಡುತ್ತಾರೆ ಎಂದಿದ್ದರು. ಆ ‘ಸುಮ್ಮನೆ’ಯೇ ಮಲ್ಲಿಗಮ್ಮನಿಗೆ ಹಿಡಿಸಲಿಲ್ಲ. ಅವಳು ಅರಕಲಗೂಡಿನ ಕಡೆ ಹೊಗೆಸೊಪ್ಪು ಪೋಣಿಸುವ ಕೂಲಿಗೆ ಹೋಗುತ್ತಿದ್ದವಳು. ಓದಿದವರು ಸುಮ್ಮನೆ ಬಂದು ಪಕ್ಕದಲ್ಲಿ ಕೂತದ್ದನ್ನು ಕಂಡವಳಲ್ಲ.

ಪಕ್ಕದ ಮಂಚದ ಹುಡುಗನ ಅಜ್ಜಿ, ಚನ್ನರಾಯಪಟ್ಟಣದ ನಂಜಮ್ಮನಿಗೂ ಅದೇ ಗುಮಾನಿ. “ಪುಕ್ಸಟ್ಟೆ ಯಾರಾರ ಬತ್ತಾರೇನಮ್ಮಿ? ನಮ್ ಮಕ್ಳ ಮ್ಯಾಲೆ ಕಲಿಯಾಕ್ ಬತ್ತಾವೆ, ಅಷ್ಟೇಯ. ನಮ್ ಹೈದಂಗೆ ಒಬ್ಬ ಮೀಸೆ ಮೂಡ್ದೇ ಇರೋನ್ನ ಕೊಟ್ಟವ್ರೆ. ಚೌಕಾಬಾರ ಆಡ್ತಾ ಅವ್ನೇ ಕಳ್ಳಾಟ ಆಡ್ತಾನೆ ಕಣೆ, ಆ ಡಾಕ್ಟ್ರು!”

ಭಾನುವಿಗೆ ಜೊತೆಗಾತಿಯಾಗಿ ಸಿಕ್ಕವಳು ಹಂಸ. ಕಲಿಯಲಿಕ್ಕೆ ಬಂದವಳಾದರೂ ಆಗಲಿ ಎಂದು ಮಲ್ಲಿಗಮ್ಮ ಸುಮ್ಮನಿದ್ದಳು. ಆದರೆ ಕಲಿಯಲಿಕ್ಕೆ ಬಂದವಳು ಆಸೆ ಯಾಕೆ ಕೇಳಬೇಕು?

ಹಾಗೆ ಕೇಳುವುದು ಯಾರನ್ನು ಎಂದು ಅವಳಿಗೆ ಗೊತ್ತಿತ್ತು. ಗಂಡ ಶಾಂತರಾಜು ಹಾಸಿಗೆ ಹಿಡಿದಿದ್ದಾಗ ಮಾವ ಮಂಚಯ್ಯ ತಲೆದೆಸೆಯಲ್ಲಿ ಕೂತು, “ಏನ್ ತಿನ್ನಂಗಾಯ್ತದ್ಲಾ ಮಗ?” ಎಂದು ಕೇಳಿದ್ದ. ಮೀನಿನ ಸಾರು ಅಂದಿದ್ದ ಶಾಂತರಾಜು. ಮಲ್ಲಿಗಮ್ಮನೇ ಹೊಳೆಮೀನು ತರಿಸಿ, ಹುಣಸೆಹಣ್ಣು ಮುಂದಾಗಿ ಮಾಡಿ ಉಣ್ಣಿಸಿದಳು. ಅವನು ಎರಡು ತುತ್ತು ಉಂಡು, ಚೆನ್ನಾಗೈತೆ ಅಂದು, ಗೋಡೆಯ ಕಡೆ ಹೊರಳಿ ಮಲಗಿದ. ಮತ್ತೆ ಈಚೆಗೆ ಹೊರಳಲಿಲ್ಲ. ಆಸೆ ತೀರ್ತು, ಸಲೀಸಾಗಿ ಹೋದ ಅಂದರು ಬಂದವರೆಲ್ಲ. ಅವತ್ತೂ ಅವಳಿಗೆ ಅಳು ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಹಂಸ ಆಸೆ ಕೇಳಿದ ದಿನದಿಂದ, ಅವಳು ಬಂದಾಗೆಲ್ಲ ಮಲ್ಲಿಗಮ್ಮ ಮಂಚ ಬಿಟ್ಟು ಕದಲಲಿಲ್ಲ. ಹುಡುಗಿ ರಬ್ಬರಿನ ಕೈಗವಸು ಊದಿ ಅದಕ್ಕೆ ಕಣ್ಣು ಮೂಗು ಬರೆಯುವಳು. ಭಾನುಪ್ರಿಯಾ ನಗುವಳು. ಅಷ್ಟು ನಗು ಅವಳಲ್ಲಿ ಉಳಿದಿದೆಯೆಂದು ಮಲ್ಲಿಗಮ್ಮನಿಗೆ ಗೊತ್ತಿರಲಿಲ್ಲ. ಒಂದು ದಿನ ಹಂಸ ಬಾಗಿಲಲ್ಲಿ ಗಿರಿಧರ ಡಾಕ್ಟರ ಜೊತೆ ತಗ್ಗಿದ ದನಿಯಲ್ಲಿ ಮಾತಾಡಿದಳು. ಇಬ್ಬರೂ ತಿರುಗಿ ಭಾನುವಿನ ಮಂಚದ ಕಡೆ ನೋಡಿದರು.

ಭಾನುವಾರ ಮಧ್ಯಾಹ್ನ ಹಂಸ ಊರಿಂದ, ಹೊಳೆನರಸೀಪುರದ ಬಸ್ಸಿಳಿದು, ನೇರ ವಾರ್ಡಿಗೇ ಬಂದಳು. ಕೈಯಲ್ಲಿ ಟವೆಲ್ಲು ಸುತ್ತಿದ ಕ್ಯಾರಿಯರ್ ಇತ್ತು. ಔಷಧಿಯ ಮಂಪರಿನಲ್ಲಿ ಭಾನು ಮಲಗಿದ್ದಳು.

“ಸಿಕ್ಕೇಬಿಡ್ತು ನೋಡಿ ಅಮ್ಮ! ಬೆಂಗಳೂರಲ್ಲಿ ಈಗ ವರ್ಷವೆಲ್ಲ ಅವರೆಕಾಯಿ ಬರತ್ತಂತೆ. ಚಿಕ್ಕಪ್ಪ ಬಸ್ಸಲ್ಲಿ ಕಳಿಸಿದ್ರು. ನಾನೂ ನಮ್ಮಮ್ಮನೂ ಕೂತು ಹಿತಕಿದ್ವಿ. ನನ್ನ ಉಗುರು ನೋಡಿ ಏನಾಗಿದೆ.”

ಮಲ್ಲಿಗಮ್ಮ ಉಗುರು ನೋಡಲಿಲ್ಲ. ಕ್ಯಾರಿಯರನ್ನು ಕಿತ್ತುಕೊಂಡು ಸೆರಗಿನಡಿ ಮುಚ್ಚಿ, ಮಗಳ ಕಡೆ ಒಮ್ಮೆ ನೋಡಿ, ಹೊರಗೆ ನಡೆದಳು. ಹಂಸ ಅವಳ ಹಿಂದೆ ಓಡಿದಳು. ಮೆಟ್ಟಿಲ ತಿರುವಿನಲ್ಲಿ ಮಲ್ಲಿಗಮ್ಮ ನಿಂತಳು.

“ನಿಜ ಹೇಳ್ಬುಡವ್ವ. ಡಾಕ್ಟ್ರು ಏನಂದವ್ರೆ? ಎಷ್ಟು ದಿನ ಅಂದವ್ರೆ?”

“ಏನು ಎಷ್ಟು ದಿನ?”

“ಆಸೆ ಕೇಳಿದ್ಯಲ್ಲ, ಯಾರ್ ಕೇಳು ಅಂದಿದ್ದು ನಿಂಗೆ?”

“ಯಾರೂ ಇಲ್ಲ. ಊಟ ಸೇರಲ್ಲ ಅಂತ ನೀವೇ ಹೇಳಿದ್ರಿ, ಅದಕ್ಕೆ...”

“ಬಾಗ್ಲಲ್ಲಿ ನಿಂತ್ಕಂಡು ಗುಸುಗುಸು ಅಂದ್ರಲ್ಲ, ಅದೇನು? ನನ್ನ ಕಣ್ಣು ಇಂಗೋಗಿಲ್ಲ.”

“ಈ ಸಾರು ಕೊಡಬಹುದಾ ಅಂತ ಕೇಳ್ದೆ. ಖಾರ ಕಮ್ಮಿ ಹಾಕ್ಸು, ಬಿಸಿ ಮಾಡಿ ಕೊಡು ಅಂದ್ರು. ಅಷ್ಟೇ. ದೇವರಾಣೆ.”

ಆಗ ಮಲ್ಲಿಗಮ್ಮ ಗಂಡನ ಮೀನಿನ ಸಾರಿನ ಕಥೆ ಹೇಳಿದಳು. ಕೂಲಿಯ ಲೆಕ್ಕ ಹೇಳುವಂತೆ, ದನಿ ಏರಿಳಿಯದೆ ಹೇಳಿದಳು.

“ನಂಗೆ ಇದೆಲ್ಲ ಗೊತ್ತಿರ್ಲಿಲ್ಲ ಅಮ್ಮ.”

“ಉಳೀತಾಳಾ? ಅದಾದ್ರೂ ಗೊತ್ತಾ?”

“ಗೊತ್ತಿಲ್ಲ. ನಾನಿನ್ನೂ ಮೂಳೆಗಳ ಹೆಸರು ಬಾಯಿಪಾಠ ಮಾಡೋದ್ರಲ್ಲೇ ಇದೀನಿ.”

ಈ ಆಸ್ಪತ್ರೆಯಲ್ಲಿ ಗೊತ್ತಿಲ್ಲ ಎಂದವರನ್ನು ಮಲ್ಲಿಗಮ್ಮ ಮೊದಲ ಸಲ ಕಂಡಳು. ಹುಡುಗಿಯ ಮುಖವನ್ನು ದಿಟ್ಟಿಸಿದಳು. ಸುಳ್ಳು ಇರಲಾರದು. ಆದರೆ ಇವಳಿಗೆ ಗೊತ್ತಿಲ್ಲದೆ ಬಂದಿದ್ದರೂ ಬಂದದ್ದು ಅದೇ ಆಸೆಯ ಸಾರಲ್ಲವೇ? ಮುಚ್ಚಳದ ಸಂದಿಯಿಂದ ತುಪ್ಪದ ಒಗ್ಗರಣೆಯ ವಾಸನೆ ಮೆಟ್ಟಿಲೆಲ್ಲ ಹರಡುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಮಗು ಏಳುತ್ತದೆ.

“ಚೆಲ್ಲಿಬಿಡ್ಲಾ?” ಹಂಸ ಮೆಲ್ಲಗೆ ಕೇಳಿದಳು.

“ಅನ್ನ ಚೆಲ್ತಾರೇನೇ? ಉಣ್ಣು.”

“ನಾನಾ?”

“ನೀನೂ ಉಣ್ಣು, ನಾನೂ ಉಣ್ತೀನಿ. ಅವಳ್ಗೆ ಅಂತ ಒಂದ್ ಕಾಳೂ ಉಳೀಬಾರ್ದು.”

ಒಂದೇ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಮಲ್ಲಿಗಮ್ಮ ಅನ್ನದ ಡಬ್ಬಿಗೆ ಸಾರು ಸುರಿದು ಕಲಸಿ, ಅರ್ಧವನ್ನು ಇನ್ನೊಂದು ಡಬ್ಬಿಗೆ ಹಾಕಿ ಹಂಸಳ ಮುಂದಿಟ್ಟಳು. ಹಂಸ ಆ ಡಬ್ಬಿಯನ್ನು ಒಂದು ಗಳಿಗೆ ನೋಡಿ, ಕೈ ಹಾಕಿದಳು. ಬೇಳೆ ಬೆಣ್ಣೆಯ ಹಾಗೆ ಬೆಂದಿತ್ತು. ಬೆಳಗಿನಿಂದ ಕಾಫಿ ಬಿಟ್ಟರೆ ಬೇರೇನೂ ಕಾಣದ ಹೊಟ್ಟೆ ಮಲ್ಲಿಗಮ್ಮನದು. ದೊಡ್ಡ ತುತ್ತು ನುಂಗಿ ಕೇಳಿದಳು: “ಬೆಳ್ಳುಳ್ಳಿ ಇಲ್ದೆ ಇದೆಂಥಾ ಸಾರೇ?”

“ನಮ್ಮನೇಲಿ ಹಾಕಲ್ಲ.”

“ಅದ್ಕೇ ನೀನು ಇಷ್ಟು ಸಪ್ಪಗಿದ್ದೀಯ.”

ಹಂಸಳಿಗೆ ನಗು ಬಂತು. ನಗುತ್ತಲೇ ಮೂಗೊರೆಸಿಕೊಂಡಳು.

ಇಬ್ಬರೂ ಡಬ್ಬಿಯ ತಳ ಬಳಿದು ಉಂಡರು. ಮಲ್ಲಿಗಮ್ಮ ಬೆರಳಾಡಿಸಿ ಮೂಲೆಯಲ್ಲಿ ಅಂಟಿದ್ದ ಬೇಳೆಯನ್ನೂ ತೆಗೆದು ಬಾಯಿಗೆ ಹಾಕಿಕೊಂಡಳು.

“ಮಾರ್ಗಶಿರದಲ್ಲಿ ನಮ್ಮೂರ್ಗೆ ಬತ್ತೀಯಾ?” ಎಂದಳು, ಹಂಸಳ ಕಡೆ ನೋಡದೆ. “ಹೊಲ್ದ ಬದೀನ್ ಅವರೆ. ಬೆಳ್ಳುಳ್ಳಿ ಆಕಿ ಮಾಡ್ತೀನಿ. ಆಗ ಅವ್ಳೂ ಉಣ್ಲಿ.”

“ಬರ್ತೀನಿ.”

“ಕಾಲೇಜು ಅಂತ ತಪ್ಪಿಸ್ಕಂಡೀಯೆ.”

“ಇಲ್ಲಮ್ಮ. ಬರ್ತೀನಿ.”

ಮಲ್ಲಿಗಮ್ಮ ನಲ್ಲಿಯಲ್ಲಿ ಕೈ ತೊಳೆದು, ಸೋಪು ಹಾಕಿ ಮತ್ತೆ ತೊಳೆದು ಒಳಗೆ ಬಂದಳು. ಭಾನು ಅರೆಗಣ್ಣು ತೆರೆದಿದ್ದಳು.

“ಅಂಸಕ್ಕ ಬಂದಿತ್ತಾ ಅವ್ವ?”

“ಬಂದವ್ಳೆ. ಅಗಾ, ಡಬ್ಬಿ ತೊಳೀತಾವ್ಳೆ,” ಎಂದು ಬಾಯಿತಪ್ಪಿ ಅಂದವಳು ತುಟಿ ಕಚ್ಚಿಕೊಂಡಳು. ಮಗು ಡಬ್ಬಿಯ ವಿಷಯ ಕೇಳಲಿಲ್ಲ. ದಿಂಬು ಸರಿಪಡಿಸಲು ಬಗ್ಗಿದ ತಾಯಿಯ ಕೈಯನ್ನು ಹಿಡಿದು ಮೂಗಿಗೆ ಒತ್ತಿಕೊಂಡಳು.

“ನಿನ್ ಕೈ ಅವರೆಕಾಯಿ ವಾಸ್ನೆ.”

“ಇಲ್ಲ ಕಣೆ. ಸೋಪು.”

“ಊಂ ಊಂ. ಅವರೆಕಾಯೇ.”

ಪಕ್ಕದ ಮಂಚದಲ್ಲಿ ನಂಜಮ್ಮ ಚೌಕಾಬಾರದ ಹುಡುಗನನ್ನು ಕಳ್ಳನನ್ಮಗನೇ ಎಂದು ಬೈಯುತ್ತಿದ್ದಳು. ಭಾನು ಆ ಕೈಯನ್ನು ಕೆನ್ನೆಯ ಕೆಳಗೆ ಎಳೆದುಕೊಂಡು ಕಣ್ಣು ಮುಚ್ಚಿದಳು. ಕೈ ಹಿಂದಕ್ಕೆ ತೆಗೆದುಕೊಳ್ಳಲು ಹೋದ ಮಲ್ಲಿಗಮ್ಮ ತೆಗೆದುಕೊಳ್ಳಲಿಲ್ಲ. ಬಗ್ಗಿದವಳು ಹಾಗೆಯೇ ಬಗ್ಗಿ ನಿಂತಳು. ಮಗುವಿನ ಉಸಿರು ಅವಳ ಬೆರಳುಗಳಿಗೆ ಬಿಸಿಯಾಗಿ ತಾಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತಾಗುತ್ತಿತ್ತು.