ಚಿತ್ರ, ಮಾತು, ಮುಂದೆ

"ಅಕ್ಷರ ತಿರುಗ್ಬೇಕಮ್ಮ ಗೌಹರ್. ಸುಮ್ನೆ ಬಂದು ನಿಂತ್ಕಂಡ್ರೆ ಯಾರು ನೋಡ್ತಾರೆ?" ಎನ್ನುತ್ತ ಮುನಿವೆಂಕಟಪ್ಪನವರು ತೋರುಬೆರಳನ್ನು ಗಾಳಿಯಲ್ಲಿ ಸುತ್ತಿಸಿ ತೋರಿಸಿದರು.

ಕಂಪ್ಯೂಟರಿನ ಪರದೆಯ ಮೇಲೆ ಒಂದು ಮನೆಯ ಚಿತ್ರವಿತ್ತು. ಕೆಳಗೆ 'ಮನೆ' ಎಂಬ ಎರಡು ಅಕ್ಷರ ತಮ್ಮ ಪಾಡಿಗೆ ತಾವು ನಿಂತಿದ್ದವು. ಗೌಹರ್ ಅವುಗಳನ್ನೇ ನೋಡುತ್ತ, "ಸಾರ್, ಅದನ್ನ ಸೇರಿಸಿದ್ರೆ ಇನ್ನೂ ಒಂದು ಬಟನ್ ಬರುತ್ತೆ. ಈಗಾಗ್ಲೇ ಹನ್ನೊಂದಾಗಿವೆ. ಪೆದ್ದಮ್ಮಕ್ಕಂಗೆ ಕಷ್ಟ ಆಗುತ್ತೆ" ಎಂದಳು.

"ಮೂಲೇಲಿ ಇಟ್ಬಿಡಮ್ಮ. ಬೇಕಾದೋರು ಒತ್ತುತಾರೆ, ಬೇಡ್ದೋರು ಬಿಡ್ತಾರೆ. ಅದೇನು ಅನ್ನ ಕೇಳುತ್ತಾ?"

ಪ್ರತಿ ಸಲವೂ ಅವರದು ಇದೇ ಮಾತು. ಹಿನ್ನೆಲೆಗೆ ಸಂಗೀತ ಬೇಕೆಂದು, ಸಂಸ್ಥೆಯ ಕೆಲಸ ನೋಡಲು ದೆಹಲಿಯಿಂದ ಬಂದಿದ್ದ ಹೆಂಗಸು ಹೇಳಿಹೋದಾಗ ಹೀಗೇ ಆಗಿತ್ತು. ಕಲಿಯುವವರಿಗೆ ಪರೀಕ್ಷೆ, ಅಂಕ ಇರಲಿ ಎಂದು ಶಿಕ್ಷಣ ಇಲಾಖೆಯವರು ಹೇಳಿದಾಗಲೂ, ಪುಟದ ಬಣ್ಣ ಬದಲಾಗಬೇಕೆಂದು ಮತ್ತೊಬ್ಬರು ಹೇಳಿದಾಗಲೂ ಹೀಗೇ. ಒಂದೊಂದಾಗಿ ನೋಡಿದರೆ ಯಾವುದೂ ತಪ್ಪು ಕೋರಿಕೆಯಲ್ಲ. ಮುನಿವೆಂಕಟಪ್ಪನವರೂ ಕೆಟ್ಟವರಲ್ಲ. ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾದ ಮೇಲೆ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬಾಡಿಗೆ ಮನೆಯಲ್ಲಿ ಈ ಸಾಕ್ಷರತಾ ಸಂಸ್ಥೆಯನ್ನು ಉಸಿರು ಕಟ್ಟಿ ನಡೆಸುತ್ತಿದ್ದವರು. ಚಿಕ್ಕಬಳ್ಳಾಪುರದಲ್ಲಿ ಅಧಿಕಾರಿಗಳ ಮುಂದೆ ನಡೆಯಲಿದ್ದ, ಈ ಪಾಠದ ತಂತ್ರಾಂಶದ ಪ್ರದರ್ಶನ ಚೆನ್ನಾಗಿ ಆಗದಿದ್ದರೆ ಬರುವ ವರ್ಷಕ್ಕೆ ಸಂಸ್ಥೆಯೇ ಇರುವುದಿಲ್ಲವೆಂಬ ಭಯ ಅವರನ್ನು ಕಾಡುತ್ತಿತ್ತು. ಅದು ಗೊತ್ತಿದ್ದುದರಿಂದಲೇ ಗೌಹರ್ ಕೀಲಿಮಣೆ ಎಳೆದುಕೊಂಡಳು. ಸಂಜೆಯೊಳಗೆ 'ಮನೆ' ಗಿರಗಿರನೆ ತಿರುಗತೊಡಗಿತು.

ಆ ತಂತ್ರಾಂಶ ಅವಳದೇ ಕೂಸು. ಚಿಂತಾಮಣಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತದ್ದನ್ನೆಲ್ಲ ಸುರಿದು, ಎರಡು ವರ್ಷದ ಹಿಂದೆ, ತೊಂಬತ್ತಾರರಲ್ಲಿ, ಪೆದ್ದಮ್ಮನಿಗೆಂದು ಮಾಡಿದ್ದು. ಪೆದ್ದಮ್ಮ ಪಕ್ಕದ ಮೇಲೂರಿನವಳು. ನಲವತ್ತೈದು ದಾಟಿದ ಹೆಂಗಸು. ಚಿಕ್ಕಂದಿನಿಂದ ರೇಷ್ಮೆ ನೂಲು ಬಿಚ್ಚುತ್ತ, ನಡುವೆ ಹೇಗೋ ಎಸ್ಸೆಸ್ಸೆಲ್ಸಿ ಮುಗಿಸಿ, ಈಗ ಬಿಚ್ಚಾಣಿಕೆಯ ಹೆಂಗಸರಿಗೆ ಮಧ್ಯಾಹ್ನದ ಹೊತ್ತು ಓದು ಹೇಳಿಕೊಡುತ್ತಿದ್ದಳು. ಪಾಠ ಬರೆಯುವವರು ಬೆಂಗಳೂರಿನಲ್ಲಿದ್ದರು. ಅವರ ಪಾಠದಲ್ಲಿ ಹಡಗು ಬರುತ್ತಿತ್ತು, ಜಿರಾಫೆ ಬರುತ್ತಿತ್ತು. ಪಾಠವನ್ನು ಪೆದ್ದಮ್ಮನೇ ಕಟ್ಟುವಂತಾದರೆ ಎಂಬುದು ಗೌಹರಳ ಆಸೆ. ಬಿಸಿನೀರಿನಲ್ಲಿ ಗೂಡು ತಡಕಿ ತಡಕಿ ಆ ಹೆಂಗಸರ ಬೆರಳ ತುದಿಗಳು ಬೆಳ್ಳಗೆ ಊದಿಕೊಂಡಿರುತ್ತಿದ್ದವು. ಆ ಬೆರಳುಗಳಲ್ಲಿ ಮೌಸ್ ಹಿಡಿದರೂ ಗುರಿ ತಪ್ಪದಂತೆ ಪರದೆಯ ಅಡಿಯಲ್ಲಿ ಅಂಗೈಯಗಲದ ಮೂರೇ ಬಟನ್ ಇಟ್ಟಳು. ಚಿತ್ರ, ಮಾತು, ಮುಂದೆ. ಚಿತ್ರ ಆರಿಸು, ಮೈಕಿನಲ್ಲಿ ಮಾತಾಡು, ಮುಂದಕ್ಕೆ ಹೋಗು. ಅಷ್ಟೇ.

ಮೊದಲ ದಿನ ಪೆದ್ದಮ್ಮ ಕೋಳಿಯ ಚಿತ್ರ ಹಾಕಿ, "ಕೋಳಿ. ನಮ್ಮನೆ ಕೋಳಿ. ಪಕ್ಕದ್ಮನೇಲಿ ಮೊಟ್ಟೆ ಇಕ್ತದೆ" ಎಂದಿದ್ದಳು. ಕಂಪ್ಯೂಟರು ಅದನ್ನೇ ತಿರುಗಿ ಹೇಳಿದಾಗ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕಿದ್ದರು. ಮರುದಿನದಿಂದ ಅವರೂ ಸಾಲಾಗಿ ನಿಂತರು. ಗಂಗುಲಮ್ಮ ತನ್ನ ಹೆಸರಿಗೆ ತಾನೇ ದನಿ ಕೊಟ್ಟಳು. ವಜೀರುನ್ನೀಸಾ ಹಿಪ್ಪುನೇರಳೆ ಸೊಪ್ಪಿನ ಚಿತ್ರಕ್ಕೆ ಅತ್ತೆಯ ಬೈಗುಳ ಸೇರಿಸಿದಳು.

ಆ ದಿನಗಳಲ್ಲಿ ಪೆದ್ದಮ್ಮ ಒಂದೇ ಒಂದು ಕೋರಿಕೆ ಇಟ್ಟಿದ್ದಳು.

"ಗೌಹರಮ್ಮ, ಒಂದು ಚಿತ್ರಕ್ಕೆ ಎರಡು ಮಾತು ಹಾಕಕ್ಕಾಗಲ್ವಾ? ಇವ್ರಲ್ಲಿ ಅರ್ಧ ಜನ ಆಂಧ್ರದ ಕಡೆಯಿಂದ ಬಂದೋರು. 'ಮನೆ' ಅಂತ ಬರ್ದಿದ್ರೆ ಕಣ್ಣು ಬಿಟ್ಕಂಡು ನೋಡ್ತಾರೆ. ಮೊದ್ಲು 'ಇಲ್ಲು' ಅಂತ ತೆಲುಗಲ್ಲಿ ಹೇಳಿ, ಆಮೇಲೆ 'ಮನೆ' ಅಂದ್ರೆ ಮನಸ್ಸಲ್ಲಿ ಕೂತ್ಕಂತದೆ."

ಗೌಹರ್ ಆಗ ತನ್ನ ಮೂರು ಬಟನ್ನಿನ ಮೋಹದಲ್ಲಿದ್ದಳು. "ಬೇಡ ಪೆದ್ದಮ್ಮಕ್ಕ. ಒಂದು ಸೇರಿಸಿದ್ರೆ ಇನ್ನೊಂದು ಬರುತ್ತೆ. ಸುಲಭವಾಗಿದ್ದಿದ್ದು ಸುಲಭವಾಗೇ ಇರ್ಲಿ" ಎಂದುಬಿಟ್ಟಳು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡಿ ಬೆಳೆದವಳು ಆ ಮಾತು ಹೇಳಿದಳು. "ಅದೂ ಸರಿನೇ ಬಿಡಮ್ಮ" ಎಂದಳು ಪೆದ್ದಮ್ಮ. ಮತ್ತೆ ಅವಳು ಏನನ್ನೂ ಕೇಳಲಿಲ್ಲ.

ಚಿಕ್ಕಬಳ್ಳಾಪುರದ ಸಭಾಂಗಣ ಆ ದಿನ ತುಂಬಿತ್ತು. ಕೆಂಪು ಅಂಚಿನ ಸೀರೆಯುಟ್ಟ ಪೆದ್ದಮ್ಮ ವೇದಿಕೆಯ ಮೇಲೆ ಕಂಪ್ಯೂಟರಿನ ಮುಂದೆ ಕುಳಿತಳು. ಎರಡು ದಿನ ಮುಂಚೆ ಗೌಹರ್ ಹೊಸದನ್ನೆಲ್ಲ ಹೇಳಿಕೊಟ್ಟಿದ್ದಳು. ಪೆದ್ದಮ್ಮ ಎಲ್ಲಕ್ಕೂ ತಲೆಯಾಡಿಸಿದ್ದಳು. ಈಗ ಅವಳ ಕೈ ಮೌಸ್ ಹಿಡಿದು ಪರದೆಯ ಮೇಲೆ ಅತ್ತಿಂದಿತ್ತ ಅಲೆಯಿತು. ಹನ್ನೆರಡು ಚಿಕ್ಕ ಚಿಕ್ಕ ಬಟನ್‌ಗಳ ನಡುವೆ 'ಮಾತು' ಎಲ್ಲೋ ಕುಗ್ಗಿ ಕುಳಿತಿತ್ತು. ಅವಳು ಒಂದನ್ನು ಒತ್ತಿದಳು. ಸಂಗೀತ ಶುರುವಾಯಿತು. ಅದನ್ನು ನಿಲ್ಲಿಸಲು ಇನ್ನೊಂದನ್ನು ಒತ್ತಿದಳು. ಅಕ್ಷರಗಳು ತಿರುಗಿದವು, ಪುಟ ನೇರಳೆಯಾಯಿತು, 'ನಿಮ್ಮ ಅಂಕ ಸೊನ್ನೆ' ಎಂದು ಬಂತು. ಬಂದವರು ಇದೆಲ್ಲ ಬೇಕೆಂದೇ ತೋರಿಸುತ್ತಿರುವುದೆಂದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿದರು. ಮುನಿವೆಂಕಟಪ್ಪನವರು ನಗುನಗುತ್ತ ಬಂದು, "ಸಾಕು ಏಳಮ್ಮ" ಎಂದು ಮೆಲ್ಲಗೆ ಹೇಳಿ ತಾವೇ ಕುಳಿತರು. ಪೆದ್ದಮ್ಮ ಕುರ್ಚಿಯ ಹಿಂದೆ ನಿಂತಳು. ಕೊನೆಯವರೆಗೂ ನಿಂತೇ ಇದ್ದಳು. ಕೆಳಗೆ ಮೊದಲ ಸಾಲಿನಲ್ಲಿದ್ದ ಗೌಹರ್ ಅವಳ ಮುಖ ನೋಡಲಾರದೆ ತನ್ನ ಕಾಲ ಬೆರಳು ನೋಡಿದಳು.

ಸಂಸ್ಥೆ ಉಳಿಯಿತು. ಗೌರಿಬಿದನೂರಿನಲ್ಲೂ ಒಂದು ಕೇಂದ್ರ ತೆರೆಯುವ ಮಾತು ನಡೆಯಿತು. ಮೇಲೂರಿನಿಂದ ಮಾತ್ರ ಹೊಸ ಪಾಠಗಳು ಬರುವುದು ನಿಂತಿತು. ಯಾಕೆಂದು ಕೇಳಿಕಳಿಸಿದರೆ, ಕರೆಂಟಿಲ್ಲ ಎಂದು ಹೇಳಿ ಕಳಿಸುತ್ತಿದ್ದಳು ಪೆದ್ದಮ್ಮ.

ಗೌಹರ್ ಯಾರಿಗೂ ಹೇಳದೆ ತಂತ್ರಾಂಶವನ್ನು ಮತ್ತೆ ತೆರೆದಳು. ಸಂಗೀತ, ಅಂಕ, ಬಣ್ಣ ಎಲ್ಲ ಕಿತ್ತಳು. ಮತ್ತೆ ಅಂಗೈಯಗಲದ ಬಟನ್‌ಗಳು. ಮೂರರ ಜೊತೆಗೆ ಈ ಸಲ ನಾಲ್ಕನೆಯದು, 'ಇನ್ನೊಂದು ಮಾತು'. ಅದನ್ನು ಸೇರಿಸಲು ಅರ್ಧ ದಿನವೂ ಹಿಡಿಯಲಿಲ್ಲ.

ಮೇಲೂರಿನ ಸಮುದಾಯ ಭವನದಲ್ಲಿ ಪೆದ್ದಮ್ಮ ಒಬ್ಬಳೇ ಇದ್ದಳು. ಕಂಪ್ಯೂಟರಿಗೆ ಹಳೆಯ ಸೀರೆಯ ತುಂಡು ಹೊದಿಸಿ ಸುತ್ತಲೂ ಗುಡಿಸಿ ಇಟ್ಟಿದ್ದಳು.

"ಹೆಂಗಸ್ರು?" ಎಂದು ಗೌಹರ್ ಕೇಳಿದಳು.

"ಸ್ವಲ್ಪ ದಿನ ಬಂದ್ರು. 'ನಮ್ಮ ಮಾತು ಬರ್ತಾ ಇಲ್ವಲ್ಲಕ್ಕ' ಅಂದ್ರು. ನಂಗೆ ಬರ್ಸಕ್ಕೆ ಗೊತ್ತಾಗ್ಲಿಲ್ಲ. ಆಮೇಲೆ ಒಬ್ಬೊಬ್ರೇ ಬಿಟ್ರು. ಗಂಗುಲಮ್ಮ ಊರಿಗೇ ಹೊಂಟೋದ್ಲು."

ಗೌಹರ್ ಹೊದಿಕೆ ತೆಗೆದು ಫ್ಲಾಪಿ ಹಾಕಿ ಹೊಸದನ್ನು ತೆರೆದಳು. "ನೋಡಕ್ಕ, ಮೊದಲಿನ ಥರಾನೇ ಇದೆ. ನೀವು ಕೇಳಿದ್ರಲ್ಲ, ಎರಡು ಮಾತು, ಅದನ್ನೂ ಹಾಕಿದೀನಿ. ಬನ್ನಿ, ಕೂತ್ಕಳಿ."

ಪೆದ್ದಮ್ಮ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. "ಚೆನ್ನಾಗೈತಮ್ಮ" ಎಂದಳು. "ಬೇರೆ ಯಾರ್ಗಾದ್ರೂ ಕೊಡು. ಜಾಸ್ತಿ ಓದಿರೋರು ಮಾಡೋ ಕೆಲ್ಸ ಇದು. ಅಷ್ಟು ಜನದ ಮುಂದೆ ನಂಗೇ ಗೊತ್ತಾಯ್ತಲ್ಲ, ನಂಗೆ ಬುದ್ಧಿ ಸಾಲ್ದು ಅಂತ."

"ಅಲ್ಲಕ್ಕ! ತಪ್ಪು ನಿಮ್ದಲ್ಲ, ನಂದು. ನಾನೇ ಅದನ್ನ ಕೆಡ್ಸಿದ್ದು."

"ನೀನು ಒಳ್ಳೇವ್ಳು, ಅದ್ಕೆ ಹಂಗಂತೀಯ" ಎಂದು ಪೆದ್ದಮ್ಮ ಅವಳ ಭುಜ ಸವರಿದಳು. ಆ ಸಮಾಧಾನವನ್ನು ಗೌಹರ್ ತಾಳಿಕೊಳ್ಳಲಾರದಾದಳು. ಬೈದಿದ್ದರೆ ಚೆನ್ನಾಗಿತ್ತು.

"ಒಂದೇ ಒಂದು ಸಲ ಅಕ್ಕ. ನೀವೇನೂ ಒತ್ಬೇಡಿ. ಮಾತಾಡಿ ಸಾಕು." ಗೌಹರ್ ತಾನೇ ಮನೆಯ ಚಿತ್ರ ಆರಿಸಿ, 'ಮಾತು' ಒತ್ತಿ, ಮೈಕನ್ನು ಅವಳ ಕಡೆಗೆ ಚಾಚಿದಳು. ದನಿಯನ್ನು ತೋರಿಸುವ ಹಸಿರು ಗೆರೆ ಪರದೆಯ ಮೇಲೆ ಹರಿಯತೊಡಗಿತು.

ಪೆದ್ದಮ್ಮ ತುಟಿ ತೆರೆದಳು. ಗೋಡೆ ನೋಡಿದಳು. ಮತ್ತೆ ತುಟಿ ಮುಚ್ಚಿ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು. ಹೊರಗೆ ಯಾರೋ ಸೊಪ್ಪಿನ ಹೊರೆಯ ಸೈಕಲ್ ತಳ್ಳಿಕೊಂಡು ಹೋದರು. ಚೈನಿನ ಸದ್ದಿಗೆ ಗೆರೆ ಕೊಂಚ ಅಲುಗಿತು. ಸೈಕಲ್ ದೂರವಾದ ಮೇಲೆ ಅದು ಪರದೆಯ ಈ ತುದಿಯಿಂದ ಆ ತುದಿಯವರೆಗೆ ನೆಟ್ಟಗೆ ಹರಿಯುತ್ತಲೇ ಇತ್ತು.