ಕೆಸರೆ ಭವನದ ಬೀಗ

ನಮ್ಮ ಕೆಸರೆಯ ಹಿರಿಯರ ಮರ್ಯಾದೆಯ ಕಥೆ ಹೇಳಿದರೆ ನೀವು ನಂಬುವುದಿಲ್ಲ. ಕೆಸರೆ ಇನ್ನೂ ಅರ್ಧ ಹಳ್ಳಿಯಾಗಿದ್ದ ಕಾಲ ಅದು. ಸೋಮವಾರ ಎತ್ತುಗಳಿಗೆ ನೊಗ ಹೂಡುವುದಿಲ್ಲವಲ್ಲ, ಆ ದಿನ ಮನೆಗೊಬ್ಬರು ಬಂದು ಕಲ್ಲು ಹೊತ್ತು, ಗಾರೆ ಕಲಸಿ, ಎರಡು ವರ್ಷದಲ್ಲಿ ಸಮುದಾಯ ಭವನ ಕಟ್ಟಿದೆವು. ತೊಂಬತ್ತೈದರಲ್ಲಿ ಸುಣ್ಣ ಬಳಿದದ್ದೂ ಆಯಿತು. ಮಠದ ಸ್ವಾಮಿಗಳ ಪಾದ ಮೊದಲು ಬೀಳಬೇಕು, ಆಮೇಲೆ ಉಳಿದವರದು ಎಂದು ಊರಿನ ಮೂವರು ಹಿರಿಯರಲ್ಲಿ ಒಬ್ಬರಾದ ಏಕಾಂತಯ್ಯನವರು ಬಾಗಿಲಿಗೆ ಬೀಗ ಜಡಿದರು. ಮೂರು ವರ್ಷವಾದರೂ ಸ್ವಾಮಿಗಳು ಬರಲಿಲ್ಲ.

ತೊಂಬತ್ತೆಂಟರ ಜೂನ್‌ನಲ್ಲಿ ನನ್ನ ಮಗಳು ಬಿಂದುವಿನ ಮದುವೆ. ಎಂಟು ದಿನ ಇದೆ ಎನ್ನುವಾಗ ನಜರ್‌ಬಾದಿನ ಛತ್ರದವನು, ಅದೇ ದಿನ ಇನ್ನೊಬ್ಬರಿಗೂ ಕೊಟ್ಟುಬಿಟ್ಟಿದ್ದೇನೆ ಎಂದು ಕೈ ಎತ್ತಿದ. ಆ ಲಗ್ನ ತಪ್ಪಿದರೆ ಆಷಾಢ. ಆಗಲೇ ಒಂದು ಸಲ ಮುಂದೂಡಿದ್ದಕ್ಕೆ ಗಂಡಿನ ಕಡೆಯವರು ಮುಖ ಊದಿಸಿಕೊಂಡಿದ್ದರು. ಇನ್ನೊಮ್ಮೆ ಎಂದರೆ ಸಂಬಂಧವೇ ಬೇಡ ಎನ್ನುವವರು. ಬಿಂದು ಊಟ ಬಿಟ್ಟು ಕೂತಳು. ನಾನು ಏಕಾಂತಯ್ಯನವರ ಮನೆಗೆ ಓಡಿದೆ.

"ಭವನ ಕೊಡಿ ಏಕಾಂತಯ್ಯನೋರೇ," ಎಂದು ಕೇಳಿದೆ.

"ಸ್ವಾಮ್ಗೋಳ ಪಾದ ಬೀಳ್ದೆ ಎಂಗಮ್ಮ ಬೀಗ ತೆಗೆಯೋದು? ಬತ್ತಾರೆ, ತಡ್ಕೊ ಭಾಗ್ಯಮ್ಮ."

"ಯಾವಾಗ? ನನ್ನ ಮಗ್ಳಿಗೆ ಮೊಮ್ಮಕ್ಕಳಾದ ಮೇಲಾ?"

ಮರುದಿನ ತಟ್ಟೆಗೆ ಹಣ್ಣು, ಎಲೆಅಡಿಕೆ ಇಟ್ಟುಕೊಂಡು ನಾನೇ ಮಠದ ಬಸ್ ಹತ್ತಿದೆ. "ಬುದ್ಧೀ, ಮೂರು ವರ್ಸದಿಂದ ಕಾಯ್ತಾ ಇದ್ದೀವಿ. ನಮ್ಮ ಮೇಲೆ ಯಾಕೆ ಮುನಿಸು?" ಎಂದು ಅತ್ತೇಬಿಟ್ಟೆ.

ಸ್ವಾಮಿಗಳು ಕಣ್ಣರಳಿಸಿದರು. "ಕೆಸರೆಯಲ್ಲಿ ಭವನ ಕಟ್ಟಿದ್ದೀರಾ ತಾಯಿ? ನಮಗೆ ಯಾರೂ ಹೇಳೇ ಇಲ್ವಲ್ಲ!"

ವಾಪಸು ಬಂದವಳು ಸೀದಾ ಅರಳಿಕಟ್ಟೆಗೆ ಹೋದೆ. ಮೂವರು ಹಿರಿಯರೂ ಕೂತಿದ್ದರು. "ಸ್ವಾಮ್ಗೋಳ್ನ ಕರೆಯೋಕೆ ಯಾರ್ರೀ ಓಗಿದ್ರಿ?"

ಶಿವರುದ್ರಪ್ಪ ಪಕ್ಕಕ್ಕೆ ನೋಡಿದರು. "ಗುರುಸಿದ್ದಯ್ಯನೋರು ನನಗಿಂತ ದೊಡ್ಡೋರು. ಅವರೇ ಓಗಿರ್ತಾರೆ ಅಂದ್ಕೊಂಡೆ."

"ನನಗಿಂತ ಏಕಾಂತಯ್ಯನೋರು ದೊಡ್ಡೋರು," ಎಂದರು ಗುರುಸಿದ್ದಯ್ಯ. "ಅವರು ಇರೋವಾಗ ನಾನು ಮುಂದೆ ನುಗ್ಗೋದಾ?"

ಏಕಾಂತಯ್ಯ ತಲೆ ತಗ್ಗಿಸಿದರು. "ಬೀಗದ ಕೈ ನಂತಾವಿತ್ತು. ಕರೆಯೋಕೂ ನಾನೇ ಓದ್ರೆ ಎಲ್ಲಾದಕ್ಕೂ ಇವನೇ ಅಂತಾರೆ ಅಂದ್ಕೊಂಡು ಸುಮ್ಕಿದ್ದೆ."

ಅಯ್ಯೋ ಶಿವನೇ! ಬಾಯಿಗೆ ಬಂದಂತೆ ಬೈದೆ. ಆಮೇಲೆ ಸ್ವಾಮಿಗಳ ಮಾತು ತಿಳಿಸಿದೆ: "ಮದ್ಲಗಿತ್ತಿ ಮೊದಲು ಕಾಲಿಡ್ಲಿ, ನಾವು ಶ್ರಾವಣದಲ್ಲಿ ಬಂದು ಊಟ ಮಾಡ್ತೀವಿ ಅಂದ್ರು."

ಏಕಾಂತಯ್ಯ ಎದ್ದರು. ಬೀಗ ತುಕ್ಕು ಹಿಡಿದು ತಿರುಗಲಿಲ್ಲ. ಅವರೇ ಕಲ್ಲಿನಿಂದ ಜಜ್ಜಿ ಮುರಿದರು. ಬಾಗಿಲು ತೆರೆದರೂ ಹೊಸ್ತಿಲು ದಾಟದೆ ನಿಂತರು. ಓಡಿ ಬಂದ ಬಿಂದು ನಗುನಗುತ್ತಾ ಬಲಗಾಲಿಟ್ಟಳು. ಹಿಂದೆಯೇ ಅವರು ಹೋಗಿ ಕಂಬವನ್ನು ತಬ್ಬಿ ಹಿಡಿದರು.

"ಇದರ ಕಲ್ಲು ನಾನೇ ಒತ್ಕೊಂಡು ಬಂದಿದ್ದು ಕಣವ್ವ. ಮೂರು ವರ್ಸದಿಂದ ದಿನಾ ಕಿಟಕೀಲಿ ಇಣುಕಿ ಓಗ್ತಿದ್ದೆ," ಎಂದರು. ಎಪ್ಪತ್ತು ದಾಟಿದ ಮನುಷ್ಯನ ಕಣ್ಣು ತುಂಬಿತ್ತು.

ನಾನು ಪೊರಕೆ ತಂದು ಧೂಳು ಗುಡಿಸತೊಡಗಿದೆ. ಅವರು ಬಂದು ಪೊರಕೆ ಕಿತ್ತುಕೊಂಡರು.

"ಕೊಡಿತ್ಲಾಗೆ. ಮಗಳ ಮದುವೆ ಇಟ್ಕೊಂಡು ನೀನ್ಯಾಕೆ? ನಾನು ಗುಡಿಸ್ತೀನಿ."